ಬಾಗಿಲು ತಟ್ಟಿ ಬನ್ನಿ

ನಮ್ಮ ಶಾಲೆಯ ವರಾಂಡದಲ್ಲಿ ಒಂದು ಚಾರ್ಟ್ ತೂಗುಹಾಕಿದ್ದಾರೆ. ‘ಸರ್ವಧರ್ಮಗಳ ಸಾರ’ ಎಂದು ಅದರ ತಲೆಬರಹ. ಮೌಲ್ಯ ಶಿಕ್ಷಣದ ಕಾರ್ಯಕ್ರಮವೊಂದಕ್ಕೆ ಅದನ್ನು ತಯಾರಿಸುತ್ತಿದ್ದಾಗ ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿ, “ಮೇಡಂ, ನಿಮ್ಮ ಕಡೆಯಿಂದಲೂ ಒಂದು ಬರೆದುಕೊಡಿ” ಎಂದರು. ನಿಮ್ಮ ಕಡೆ ಎಂದರೆ ಇಸ್ಲಾಮಿನ ಕಡೆ. ಶಾಲೆಯಲ್ಲಿ ನಾನೊಬ್ಬಳೇ ಮುಸ್ಲಿಂ ಶಿಕ್ಷಕಿ. ಹೆಚ್ಚು ಯೋಚಿಸದೆ ‘ಸತ್ಯ, ದಯೆ, ಸಮಾನತೆ’ ಎಂದು ಬರೆದುಕೊಟ್ಟೆ. ಡ್ರಾಯಿಂಗ್ ಮೇಷ್ಟ್ರು ಅದರ ಪಕ್ಕದಲ್ಲಿ ಹಸಿರು ಬಣ್ಣದ ಒಂದು ಚಂದ್ರನನ್ನು ಬಿಡಿಸಿದರು. ಅದಾಗಿ ಕೆಲವು ವರ್ಷಗಳಾದವು. ಚಂದ್ರನ ಬಣ್ಣ ಮಾಸಿದೆ. ಆ ಚಾರ್ಟಿನ ಮುಂದೆ ನಿಂತು ಓದಿದ ಒಂದು ಮಗುವನ್ನೂ ನಾನು ಕಂಡಿಲ್ಲ. ನಿಜ ಹೇಳಬೇಕೆಂದರೆ ನಾನೂ ನಿಂತು ಓದಿಲ್ಲ.

ಆದರೆ ‘ನಿಮ್ಮ ಕಡೆಯಿಂದ ಒಂದು’ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಶಾಲೆಗೆ ಕೊಡಲು ನಮ್ಮ ಬಳಿ ನಿಜವಾಗಿ ಏನಿದೆ? 2022ರಲ್ಲಿ ತಲೆವಸ್ತ್ರದ ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋದಾಗ ತಿಂಗಳುಗಟ್ಟಲೆ ನಾಡೆಲ್ಲಾ ಶಾಲೆ ಮತ್ತು ಇಸ್ಲಾಮಿನ ಬಗ್ಗೆಯೇ ಮಾತಾಡಿತು. ಮಾತೆಲ್ಲಾ ಬಟ್ಟೆಯ ಸುತ್ತಲೇ. ಅದು ಸಣ್ಣ ವಿಷಯವೆಂದು ನಾನು ಹೇಳುವುದಿಲ್ಲ. ಓದು ಬಿಟ್ಟ ಹುಡುಗಿಯರಿಗೆ ಅದು ಸಣ್ಣದಾಗಿರಲಿಲ್ಲ. ಆದರೆ ಬಟ್ಟೆಯ ಆಚೆಗೆ, ತರಗತಿಯಲ್ಲಿ ಒಬ್ಬರೊಡನೊಬ್ಬರು ಹೇಗಿರಬೇಕೆಂದು ಈ ಧರ್ಮ ಏನು ಹೇಳುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಉತ್ತರ ನನಗೆ ಸಿಕ್ಕಿದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ, ಏಕೆಂದರೆ ಇಂಥ ತಪ್ಪನ್ನು ನಮ್ಮಲ್ಲಿ ಅನೇಕರು ದಿನವೂ ‘ಮಕ್ಕಳ ಒಳ್ಳೆಯದಕ್ಕಾಗಿ’ ಎಂದೇ ಮಾಡುತ್ತಿರುತ್ತೇವೆ.

ಮೊದಲು ನಮ್ಮ ಅಮ್ಮಿಯ ಮಾತು ಹೇಳಬೇಕು. ನಮ್ಮ ಮೊಹಲ್ಲಾದಲ್ಲಿ ಆಗ ಓದುಬರಹ ಬಲ್ಲ ಹೆಂಗಸರು ಇಬ್ಬರೋ ಮೂವರೋ. ಅವರಲ್ಲಿ ಅಮ್ಮಿ ಒಬ್ಬರು. 1980ರ ಆಸುಪಾಸಿನಲ್ಲಿ ಗಂಡಸರು ದುಡಿಮೆಗೆಂದು ಸೌದಿಗೆ, ಕುವೈತಿಗೆ ಹೋಗತೊಡಗಿದ್ದರು. ಕೆಂಪು ನೀಲಿ ಅಂಚಿನ ಲಕೋಟೆಗಳಲ್ಲಿ ಅವರ ಕಾಗದಗಳು ಬರುತ್ತಿದ್ದವು. ಹೆಂಡತಿಯರು ಅವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮಧ್ಯಾಹ್ನದ ಹೊತ್ತು ನಮ್ಮ ಮನೆಗೆ ಬರುವರು. “ಆಪಾ, ಸ್ವಲ್ಪ ಓದಿ ಹೇಳಿ.” ಅಮ್ಮಿ ಬಾಗಿಲು ಮುಂದೆ ಮಾಡಿ, ಮಕ್ಕಳನ್ನು ಹಿತ್ತಿಲಿಗೆ ಅಟ್ಟಿ, ತಗ್ಗಿದ ದನಿಯಲ್ಲಿ ಓದುತ್ತಿದ್ದರು. ಎಷ್ಟು ಮನೆಗಳ ಸುಖದುಃಖ ಅವರ ಕಿವಿಯಲ್ಲಿ ಬಿದ್ದಿತ್ತೋ, ಒಂದು ಮಾತೂ ಅವರ ಬಾಯಿಂದ ಹೊರಗೆ ಬಿದ್ದದ್ದಿಲ್ಲ. ತಾವು ಇನ್ನೊಬ್ಬರ ಮನೆಗೆ ಹೋದರೂ ಅಷ್ಟೆ. ಬಾಗಿಲು ತೆರೆದಿದ್ದರೂ ಪಕ್ಕಕ್ಕೆ ಸರಿದು ನಿಂತು ಸಲಾಂ ಹೇಳಿ ತಟ್ಟುವರು. ಮೂರು ಸಲ ತಟ್ಟಿದ ಮೇಲೂ ಒಳಗಿನಿಂದ ದನಿ ಬರದಿದ್ದರೆ ಬೇಸರವಿಲ್ಲದೆ ಹಿಂದಿರುಗುವರು. ಅದು ಪ್ರವಾದಿಯವರು ಕಲಿಸಿದ ರೀತಿ ಎಂದು ನನಗೆ ಆಮೇಲೆ ತಿಳಿಯಿತು. ಆಗ ಅದು ಅಮ್ಮಿಯ ರೀತಿ, ಅಷ್ಟೆ.

ನನಗಾಗ ಹನ್ನೊಂದು ವರ್ಷ. ಒಂದು ದಿನ ಪಕ್ಕದ ಮನೆಯ ಖಾಲಾ ತಮ್ಮ ಕಾಗದವನ್ನು ನಮ್ಮ ಮನೆಯ ಗೂಡಿನಲ್ಲೇ ಮರೆತುಹೋದರು. ನಾನು ತೆಗೆದು ಓದಿದೆ. ಅವರ ಗಂಡ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದರು. ಇದನ್ನು ನನ್ನ ತಾಯಿಗೆ ಹೇಳಬೇಡ ಎಂದು ಬರೆದಿದ್ದರು. ನಾನು ಗೆಳತಿಗೆ ಹೇಳಿದೆ. ಗೆಳತಿ ಅವಳಮ್ಮನಿಗೆ ಹೇಳಿದಳು. ಎರಡು ದಿನಗಳಲ್ಲಿ ಮುದುಕಿಯ ಅಳು ಬೀದಿಗೆಲ್ಲಾ ಕೇಳಿಸಿತು.

ಅಮ್ಮಿಗೆ ಗೊತ್ತಾಗದೇ ಇರುತ್ತದೆಯೇ? ಆದರೆ ಅವರು ಕೂಗಾಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ನನ್ನೊಬ್ಬಳನ್ನೇ ಕರೆದು ಹೇಳಿದರು: “ಕಾಗದ ಅಂದರೆ ಅಮಾನತ್ತು, ನಂಬಿ ಇಟ್ಟ ಒಡವೆ ಇದ್ದ ಹಾಗೆ. ಅದನ್ನು ಕದ್ದು ನೋಡಿದವರು ಕಣ್ಣನ್ನು ಬೆಂಕಿಗೆ ಹಿಡಿದ ಹಾಗೆ.” ಅಷ್ಟೇ ಮಾತು. ಆಮೇಲೆ ಖಾಲಾ ಮನೆಗೆ ಹೋಗಿ, “ತಪ್ಪು ನಮ್ಮ ಮನೆಯಿಂದ ಆಯಿತು, ಮಾಫ್ ಮಾಡು” ಎಂದು ಕೇಳಿಕೊಂಡರು. ನನ್ನ ಹೆಸರು ಹೇಳಲಿಲ್ಲ. ಅಬ್ಬಾನಿಗೂ ಹೇಳಲಿಲ್ಲ. ಸಾಯುವವರೆಗೂ ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ.

ಇಂಥ ತಾಯಿಯ ಮಗಳು ನಾನು. ಇನ್ನು ನಾನು ಮಾಡಿದ್ದನ್ನು ಕೇಳಿ.

2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳಿಗೆ ಬೀಗ ಬಿದ್ದದ್ದು ನಿಮಗೆ ನೆನಪಿದೆ. ಅದುವರೆಗೆ “ಮೊಬೈಲ್ ಮುಟ್ಟಿದರೆ ಜೋಕೆ” ಎನ್ನುತ್ತಿದ್ದ ನಾವೇ “ಮೊಬೈಲ್ ಇಲ್ಲದಿದ್ದರೆ ಪಾಠ ಇಲ್ಲ” ಎಂದೆವು. ಕಿವಿಯೋಲೆ ಅಡವಿಟ್ಟು ಮಕ್ಕಳಿಗೆ ಫೋನು ಕೊಡಿಸಿದ ತಾಯಂದಿರನ್ನು ನಾನು ಬಲ್ಲೆ. ಶಾಲೆಗಳು ತೆರೆದವು, ಮಕ್ಕಳ ಕೈಗೆ ಬಂದ ಫೋನು ಮಾತ್ರ ಅಲ್ಲೇ ಉಳಿಯಿತು. ಶಾಲೆಗೆ ತರಕೂಡದೆಂದು ನಿಯಮ ಮಾಡಿದೆವು.

ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯ ಬ್ಯಾಗಿನೊಳಗೆ ಫೋನು ಗುಂಯ್‌ಗುಟ್ಟಿತು. ನಾನು ಅದನ್ನು ತೆಗೆದುಕೊಂಡೆ. ಅಲ್ಲಿಯವರೆಗೆ ನಾನು ಮಾಡಿದ್ದು ಸರಿ, ನಿಯಮ ನಿಯಮವೇ. ಆದರೆ ನಾನು ಅಷ್ಟಕ್ಕೇ ಬಿಡಲಿಲ್ಲ. ಅವಳನ್ನು ಸ್ಟಾಫ್ ರೂಮಿಗೆ ಕರೆದು, “ಲಾಕ್ ತೆಗೆ” ಎಂದೆ. ನಡುಗುವ ಬೆರಳಿನಿಂದ ಅವಳು ತೆಗೆದಳು. ನಾನು ಒಳಗಿದ್ದುದನ್ನೆಲ್ಲಾ ಓದಿದೆ.

ಏನಿತ್ತು ಅದರಲ್ಲಿ? ಬೇರೆ ಊರಿನಲ್ಲಿದ್ದ ಚಿಕ್ಕಮ್ಮನ ಮಗಳಿಗೆ ಬರೆದ ಮಾತುಗಳು. ಅಪ್ಪ ಕುಡಿದು ಬಂದದ್ದು, ಅಮ್ಮ ಬಾಯಿ ಬಿಡದೆ ಅತ್ತದ್ದು, ತರಗತಿಯ ಒಬ್ಬ ಹುಡುಗ ನೋಟ್ಸ್ ಕೊಟ್ಟದ್ದು, ಅವನು ಒಳ್ಳೆಯವನೆಂದು ಅವಳಿಗೆ ಅನಿಸಿದ್ದು. ನನ್ನ ಬಗ್ಗೆಯೂ ಒಂದು ಸಾಲಿತ್ತು, ಬಯ್ಯುವುದು ಬಿಟ್ಟು ಈ ಟೀಚರಿಗೆ ಬೇರೇನೂ ಬಾರದು ಎಂಬ ಅರ್ಥದ್ದು. ಆ ಸಾಲು ನನಗೆ ಚುಚ್ಚಿತು. ಇದನ್ನು ಮುಚ್ಚಿಡುವುದಿಲ್ಲ. ಹುಡುಗನ ಬಗ್ಗೆ ಬರೆದಿದ್ದ ಎರಡು ಮೂರು ಸಾಲುಗಳನ್ನು ಸಹೋದ್ಯೋಗಿಗಳಿಗೆ ಕೇಳುವಂತೆ ಓದಿದೆ. ಯಾರೋ ನಕ್ಕರು. ಬಾಗಿಲು ತೆರೆದೇ ಇತ್ತು. ಹಾಜರಿ ಪುಸ್ತಕ ಹಿಡಿದು ಬಂದ ಇಬ್ಬರು ಮಕ್ಕಳು ಅಲ್ಲೇ ನಿಂತಿದ್ದರು.

ಸಂಜೆಯ ಹೊತ್ತಿಗೆ ಅವಳ ಹೆಸರು ಆ ಹುಡುಗನ ಹೆಸರಿನ ಜೊತೆ ಸೇರಿ ತರಗತಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಮರುದಿನ ಅವಳು ಬರಲಿಲ್ಲ. ಹದಿನೈದನೆಯ ದಿನ ಅವಳ ತಂದೆ ಬಂದು ಟಿ.ಸಿ. ತೆಗೆದುಕೊಂಡು ಹೋದರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಗಳನ್ನೇ ತಪ್ಪಿತಸ್ಥಳೆಂದು ನಂಬಿದ್ದರು.

ಆ ರಾತ್ರಿ ನನಗೆ ಒಗೆಯುವ ಕಲ್ಲು ನೆನಪಾಯಿತು. ಹನ್ನೊಂದು ವರ್ಷದ ನನ್ನ ತಪ್ಪಿನ ಮೇಲೆ ಅಮ್ಮಿ ಪರದೆ ಎಳೆದಿದ್ದರು. ಹದಿನಾಲ್ಕು ವರ್ಷದ ಮಗುವಿನ, ತಪ್ಪೇ ಅಲ್ಲದ ಮಾತುಗಳ ಮೇಲಿನ ಪರದೆಯನ್ನು ನಾನು ಹರಿದಿದ್ದೆ.

ಕುರ್‌ಆನಿನ 49ನೆಯ ಅಧ್ಯಾಯಕ್ಕೆ ‘ಅಲ್ ಹುಜುರಾತ್’ ಎಂದು ಹೆಸರು. ಹುಜುರಾತ್ ಎಂದರೆ ಕೋಣೆಗಳು. ಹದಿನೆಂಟೇ ವಚನಗಳ ಪುಟ್ಟ ಅಧ್ಯಾಯ. ಚಿಕ್ಕಂದಿನಿಂದ ಎಷ್ಟೋ ಸಲ ಓದಿದ್ದೆ. ಅದರ ಹನ್ನೆರಡನೆಯ ವಚನ ಮೂರು ವಿಷಯಗಳಿಂದ ನಮ್ಮನ್ನು ತಡೆಯುತ್ತದೆ: ವೃಥಾ ಸಂಶಯ, ಇನ್ನೊಬ್ಬರ ಗುಟ್ಟು ಹುಡುಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು. ಆ ರಾತ್ರಿ ಓದಿದಾಗ ಈ ಮೂರರ ಕ್ರಮ ಕಣ್ಣಿಗೆ ಬಿತ್ತು. ಸಂಶಯ ಬಂದರೆ ಇಣುಕಿ ನೋಡುತ್ತೇವೆ. ಇಣುಕಿ ನೋಡಿದರೆ ಆಡಿಕೊಳ್ಳುತ್ತೇವೆ. ಅರ್ಧ ಗಂಟೆಯೊಳಗೆ ನಾನು ಮೂರನ್ನೂ, ಅದೇ ಕ್ರಮದಲ್ಲಿ, ಮಾಡಿ ಮುಗಿಸಿದ್ದೆ.

ಖಲೀಫ ಉಮರರ ಬಗ್ಗೆ ನಮ್ಮಲ್ಲಿ ಒಂದು ಕಥೆ ಹೇಳುತ್ತಾರೆ. ಪ್ರವಾದಿಯವರ ನಂತರದ ಎರಡನೆಯ ಖಲೀಫರು ಅವರು. 634ರಿಂದ 644ರವರೆಗೆ ಆಳಿದವರು. ರಾತ್ರಿ ಹೊತ್ತು ಮದೀನಾದ ಬೀದಿಗಳಲ್ಲಿ ತಾವೇ ಗಸ್ತು ತಿರುಗುತ್ತಿದ್ದರಂತೆ. ಒಂದು ರಾತ್ರಿ ಒಂದು ಮನೆಯೊಳಗಿಂದ ಗದ್ದಲ ಕೇಳಿ ಗೋಡೆ ಹತ್ತಿ ಒಳಕ್ಕೆ ಇಳಿದರು. ಮನೆಯಾತ ಮದ್ಯ ಇಟ್ಟುಕೊಂಡು ಕೂತಿದ್ದ. ಉಮರರು ಗದರಿಸಿದರು. ಆತ ಹೆದರದೆ, ತಾನು ಮಾಡಿದ್ದು ಒಂದು ತಪ್ಪು, ಆದರೆ ತಾವು ಮಾಡಿದ್ದು ಮೂರು ಎಂದ. ಗುಟ್ಟು ಹುಡುಕಬೇಡಿ ಎಂದಿದೆ, ಹುಡುಕಿದಿರಿ. ಮನೆಗೆ ಬಾಗಿಲಿನಿಂದ ಬನ್ನಿ ಎಂದಿದೆ, ಗೋಡೆ ಹತ್ತಿ ಬಂದಿರಿ. ಅನುಮತಿ ಕೇಳಿ, ಸಲಾಂ ಹೇಳಿ ಬನ್ನಿ ಎಂದಿದೆ, ಎರಡನ್ನೂ ಮಾಡಲಿಲ್ಲ. ಈ ಮಾತುಗಳೆಲ್ಲಾ ಕುರ್‌ಆನಿನಲ್ಲೇ ಇರುವಂಥವು. ಅಷ್ಟು ದೊಡ್ಡ ಖಲೀಫರು ಅದನ್ನು ಒಪ್ಪಿಕೊಂಡು, ಆತನನ್ನು ಬಿಟ್ಟು ಹೊರಟುಹೋದರಂತೆ.

ಈ ಕಥೆಯಲ್ಲಿ ಕುಡಿದವನದು ಸರಿ ಎಂದು ಯಾರೂ ಹೇಳುವುದಿಲ್ಲ. ಆದರೆ ತಪ್ಪು ಹುಡುಕಲು ಹೋದವರ ತಪ್ಪನ್ನೂ ಎಣಿಸುತ್ತಾರೆ. ಮೌಲ್ಯ ಶಿಕ್ಷಣದ ನಮ್ಮ ಪುಸ್ತಕಗಳಲ್ಲಿ ನಾನು ಕಾಣದೇ ಇರುವುದು ಇದನ್ನೇ. ಅಲ್ಲಿ ತಪ್ಪು ಮಾಡುವವರು ಯಾವಾಗಲೂ ಮಕ್ಕಳು. ತಿದ್ದುವವರು ಯಾವಾಗಲೂ ದೊಡ್ಡವರು. ಲೋಕವನ್ನು ತಿದ್ದಹೊರಟವರಿಗೆ ಮೊದಲು ನಿಮ್ಮನ್ನು ನೀವು ತಿದ್ದಿಕೊಳ್ಳಿ ಎಂದು ನಮ್ಮ ಬಸವಣ್ಣನವರೂ ಹೇಳಿದ್ದಾರಲ್ಲ! ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ನಮಗೇ ಹೇಳಿದ್ದೆಂದು ತಿಳಿಯುವುದಿಲ್ಲ.

ಇಮಾಮ್ ಗಜ್ಜಾಲಿ ಎಂಬ ದೊಡ್ಡ ವಿದ್ವಾಂಸರು 1058ರಿಂದ 1111ರವರೆಗೆ ಬದುಕಿದ್ದರು. ಬಾಗ್ದಾದಿನ ನಿಜಾಮಿಯಾ ಎಂಬ ಪ್ರಸಿದ್ಧ ವಿದ್ಯಾಲಯದಲ್ಲಿ ಪಾಠ ಹೇಳಿದವರು, ಎಂದರೆ ನಮ್ಮ ಹಾಗೆ ಮೇಷ್ಟ್ರೇ. ‘ಇಹ್ಯಾ’ ಎಂಬ ತಮ್ಮ ಗ್ರಂಥದಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ಬರೆಯುತ್ತಾ ಅವರು ಕೊಡುವ ಒಂದು ಸಲಹೆ ನನ್ನನ್ನು ಬೆರಗುಗೊಳಿಸಿತು. ಮಗು ಯಾವಾಗಲೋ ಒಮ್ಮೆ ತಪ್ಪು ಮಾಡಿದರೆ, ಅದರಲ್ಲೂ ಅದನ್ನು ಮುಚ್ಚಿಡಲು ಕಷ್ಟಪಡುತ್ತಿದ್ದರೆ, ನೋಡಿಯೂ ನೋಡದಂತೆ ಇದ್ದುಬಿಡಬೇಕಂತೆ. ಮತ್ತೆ ಮಾಡಿದರೆ ಗುಟ್ಟಾಗಿ ಕರೆದು ಹೇಳಬೇಕು, ನಾಲ್ಕು ಜನರ ಮುಂದೆ ಅಲ್ಲ. ಯೋಚಿಸಿದರೆ ಕಾರಣ ಸರಳವಾಗಿದೆ. ಮುಚ್ಚಿಡುವ ಮಗುವಿಗೆ ಇನ್ನೂ ನಾಚಿಕೆ ಇದೆ. ನಾಚಿಕೆ ಇದ್ದಲ್ಲಿ ತಿದ್ದಿಕೊಳ್ಳುವ ದಾರಿ ಇದೆ. ಎಲ್ಲರೆದುರು ಬಯಲು ಮಾಡಿದ ಮೇಲೆ ಮಗುವಿಗೆ ಕಾಪಾಡಿಕೊಳ್ಳಲು ಏನು ಉಳಿಯಿತು? ಈ ಪುಸ್ತಕ ಓದದ ನನ್ನ ಅಮ್ಮಿ ಒಗೆಯುವ ಕಲ್ಲಿನ ಬಳಿ ಮಾಡಿದ್ದು ಇದನ್ನೇ.

ಈಗಿನ ಕಾಲದಲ್ಲಿ ಎಲ್ಲೆಲ್ಲೂ ಕಣ್ಣುಗಳು. ಕಾರಿಡಾರಿನಲ್ಲಿ ಸಿ.ಸಿ. ಕ್ಯಾಮೆರಾ, ಮಕ್ಕಳ ಫೋನಿನಲ್ಲಿ ಅವರೆಲ್ಲಿದ್ದಾರೆಂದು ತಂದೆತಾಯಿಗೆ ತೋರಿಸುವ ಆ್ಯಪ್. “ದೇವರು ನೋಡುತ್ತಾನೆ” ಎಂದು ಹಿಂದೆ ಹೇಳುತ್ತಿದ್ದೆವು; ಈಗ “ಕ್ಯಾಮೆರಾ ನೋಡುತ್ತದೆ” ಎನ್ನುತ್ತೇವೆ. ಎರಡೂ ಒಂದೇ ಎಂದು ಮಕ್ಕಳು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಅವು ಒಂದೇ ಅಲ್ಲ. ಅಬ್ದುಲ್ ಸತ್ತಾರ್ ಎಂಬ ಹೆಸರನ್ನು ನೀವೂ ಕೇಳಿರುತ್ತೀರಿ. ನಮ್ಮೂರಿನಲ್ಲಿ ಬೀದಿಗೊಬ್ಬರು ಸತ್ತಾರ್ ಸಾಹೇಬರಿದ್ದಾರೆ. ಸತ್ತಾರ್ ಎಂದರೆ ಮುಚ್ಚುವವನು, ಮನುಷ್ಯರ ಕುಂದುಗಳ ಮೇಲೆ ಪರದೆ ಎಳೆಯುವವನು. ಅದು ದೇವರನ್ನು ಕರೆಯುವ ಹೆಸರು. ಎಲ್ಲವನ್ನೂ ನೋಡುವ ದೇವರು ಎಲ್ಲವನ್ನೂ ಬಯಲು ಮಾಡುವುದಿಲ್ಲ. ನೋಡುವವನೆಂಬ ಅರ್ಧವನ್ನು ಮಕ್ಕಳಿಗೆ ಕಲಿಸಿದೆವು, ಮುಚ್ಚುವವನೆಂಬ ಇನ್ನರ್ಧವನ್ನು ಬಿಟ್ಟೆವು. ಕ್ಯಾಮೆರಾಕ್ಕೆ ಹೆದರಿ ಸುಮ್ಮನಿರುವ ಮಗು ಕ್ಯಾಮೆರಾ ಇಲ್ಲದಲ್ಲಿ ಏನು ಮಾಡೀತು? ತನ್ನ ಗುಟ್ಟನ್ನು ಯಾರೋ ಕಾಪಾಡಿದರೆಂಬ ನೆನಪಿರುವ ಮಗು ಇನ್ನೊಬ್ಬರ ಫೋಟೋ ತನ್ನ ಕೈಗೆ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಒಂದು ಕ್ಷಣ ನಿಂತೀತು. ಈ ಕಾಲದ ಶೀಲವೆಂದರೆ ನನಗೆ ಆ ಒಂದು ಕ್ಷಣವೇ.

ಇದನ್ನೆಲ್ಲಾ ಶಾಲೆಯಲ್ಲಿ ಹೇಳಬಹುದೇ ಎಂದು ನೀವು ಕೇಳಬಹುದು. ನಮ್ಮ ಸಂವಿಧಾನದ 28ನೆಯ ವಿಧಿಯಂತೆ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧರ್ಮಬೋಧೆ ಕೂಡದು; ಅನುದಾನಿತ ಶಾಲೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಅದರಲ್ಲಿ ಸೇರಿಸಕೂಡದು. ಅದು ಹಾಗೇ ಇರಬೇಕು. ಎಲ್ಲಾ ಧರ್ಮಗಳ ಮಕ್ಕಳೂ ಕೂರುವ ತರಗತಿಯಲ್ಲಿ ನಾನು ನಮಾಜು ಕಲಿಸಲು ಹೋಗುವುದಿಲ್ಲ, ಇನ್ನೊಬ್ಬರು ತಮ್ಮ ಪೂಜೆ ಕಲಿಸುವುದನ್ನೂ ಬಯಸುವುದಿಲ್ಲ. ಆದರೆ ಧರ್ಮಗಳ ಬಗ್ಗೆ ತಿಳಿಸುವುದು ಧರ್ಮಬೋಧೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ಉಮರರ ಕಥೆಯನ್ನು ನಾನು ಕಥೆಯಾಗಿಯೇ ಹೇಳುತ್ತೇನೆ, ಹರಿಶ್ಚಂದ್ರನ ಕಥೆ ಹೇಳುವ ಹಾಗೆ. ಅದರ ಜೊತೆಗೆ ಸಮಾಜ ವಿಜ್ಞಾನದ ಪಾಠವನ್ನೂ ಸೇರಿಸುತ್ತೇನೆ: 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕಥೆ ಮತ್ತು ತೀರ್ಪು ಎರಡನ್ನೂ ಕೇಳಿದ ಮಕ್ಕಳು ತಾವಾಗಿಯೇ ಹೇಳುತ್ತಾರೆ, “ಎರಡೂ ಒಂದೇ ಮಾತಲ್ವಾ ಮಿಸ್” ಎಂದು.

ಆದರೆ ತಾಯಂದಿರ ಪ್ರಶ್ನೆ ಇಷ್ಟಕ್ಕೆ ತೀರುವುದಿಲ್ಲ. ಪೋಷಕರ ಸಭೆ ಮುಗಿದ ಮೇಲೆ ಒಬ್ಬರಾದರೂ ಹಿಂದೆ ಉಳಿದು, “ಟೀಚರ್, ಮಗಳ ಫೋನು ನೋಡಬೇಕೋ ಬೇಡವೋ?” ಎಂದು ಕೇಳುತ್ತಾರೆ. ಕಾಲ ಕೆಟ್ಟಿದೆ; ಫೋನಿನೊಳಗಿಂದ ಮಕ್ಕಳನ್ನು ಬಲೆಗೆ ಹಾಕುವವರಿದ್ದಾರೆ. ಭಯ ಸುಳ್ಳಲ್ಲ. ನಾನು ಹೇಳುವುದಿಷ್ಟು: ನೋಡಬೇಕಾದಾಗ ನೋಡಿ, ಆದರೆ ಬಾಗಿಲಿನಿಂದ ಹೋಗಿ, ಗೋಡೆ ಹತ್ತಬೇಡಿ. ಚಿಕ್ಕ ಮಕ್ಕಳಿಗೆ ಮೊದಲೇ ನಿಯಮ ಹೇಳಿ: ಫೋನು ಮನೆಯವರದು, ರಾತ್ರಿ ನಡುಮನೆಯಲ್ಲಿ ಇರುತ್ತದೆ, ಅಮ್ಮ ನೋಡುತ್ತಾಳೆ. ದೊಡ್ಡವರಾದಂತೆ ಕೇಳಿ, ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನೋಡಿದ್ದನ್ನು ಅತ್ತಿಗೆ ನಾದಿನಿಯರಿಗೆ ಹೇಳಬೇಡಿ. ಇನ್ನು, ಪರದೆ ಎಳೆಯುವುದೆಂದರೆ ಅನ್ಯಾಯವನ್ನು ಮುಚ್ಚುವುದಲ್ಲ. ಮಗುವಿನ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಮಾಡಿದ್ದಾರೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಆಗಲೂ ಬಯಲಾಗಬೇಕಾದ್ದು ಮಾಡಿದವನ ಹೆಸರು, ಮಗುವಿನದಲ್ಲ.

ಇನ್ನೊಂದು ಮಾತು ಹೇಳದೆ ಇರಲಾರೆ. ಇಷ್ಟು ವರ್ಷಗಳಲ್ಲಿ “ಮಗನ ಫೋನು ನೋಡಬೇಕೋ” ಎಂದು ನನ್ನನ್ನು ಕೇಳಿದ ತಾಯಿ ಒಬ್ಬರೂ ಇಲ್ಲ. ಸಂಶಯವೆಲ್ಲಾ ಹೆಣ್ಣುಮಕ್ಕಳ ಮೇಲೆ. ಆದರೆ ಕುರ್‌ಆನಿನ 24ನೆಯ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸಿ ಎಂಬ ಅಪ್ಪಣೆ ಬರುವಾಗ ಮೊದಲು ಅದು ಗಂಡಸರಿಗೆ, 30ನೆಯ ವಚನದಲ್ಲಿ. ಹೆಂಗಸರಿಗೆ ಆಮೇಲೆ, 31ರಲ್ಲಿ. ಫೋನಿನ ಪರದೆಯ ಮೇಲೆ ಯಾರದೋ ಮಗಳ ಚಿತ್ರ ಬಂದಾಗ ಕಣ್ಣು ತಗ್ಗಿಸುವ ಪಾಠವನ್ನು ನಮ್ಮ ಗಂಡುಮಕ್ಕಳಿಗೆ ನಾವು ಯಾವಾಗ ಕಲಿಸಿದೆವು? ನಮ್ಮವರು ತಮ್ಮ ಮನೆಗಳಲ್ಲೇ ಇದನ್ನು ಮರೆತಿರುವಾಗ ಶಾಲೆಯ ಗೋಡೆಗೆ ಚಂದ್ರನ ಚಿತ್ರ ಅಂಟಿಸಿ ಏನು ಪ್ರಯೋಜನ?

ಈಗಲೂ ತರಗತಿಯಲ್ಲಿ ಫೋನು ಸಿಗುತ್ತದೆ. ತೆಗೆದುಕೊಂಡು, ಆಫ್ ಮಾಡಿಸಿ, ಕವರಿನಲ್ಲಿ ಹಾಕಿ, ಆ ಮಗುವಿನ ಕೈಯಲ್ಲೇ ಕವರಿನ ಮೇಲೆ ಹೆಸರು ಬರೆಸಿ ಬೀರುವಿನಲ್ಲಿಡುತ್ತೇನೆ. ತಂದೆಯೋ ತಾಯಿಯೋ ಬಂದರೆ ಹಾಗೇ ಕೊಡುತ್ತೇನೆ. “ಒಳಗೆ ಏನಿತ್ತು ಟೀಚರ್?” ಎಂದು ಅವರು ಕೇಳಿದರೆ, “ಅದು ನನಗೆ ಗೊತ್ತಿಲ್ಲ” ಎನ್ನುತ್ತೇನೆ. ಮಗು ಆಗ ನನ್ನ ಮುಖ ನೋಡುವ ರೀತಿಯೇ ಬೇರೆ.

ಇಸ್ಲಾಮಿನಲ್ಲಿ ಎರಡು ಬಗೆಯ ತಪ್ಪುಗಳನ್ನು ಹೇಳುತ್ತಾರೆ. ದೇವರಿಗೆ ಮಾಡಿದ್ದನ್ನು ದೇವರು ಕ್ಷಮಿಸಬಹುದು. ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರ ಬಳಿಯೇ ಹೋಗಿ ಕೇಳಿಕೊಳ್ಳಬೇಕು. ಎಷ್ಟು ನಮಾಜು ಮಾಡಿದರೂ ಅದು ತೀರದು. ನಾನು ಅವಳ ಮನೆಗೆ ಹೋದೆ. ಹೋಗಲು ನನಗೆ ಎಂಟು ತಿಂಗಳು ಬೇಕಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಅವಳ ತಾಯಿ ಚಾಪೆ ಹಾಸಿ ಕೂರಿಸಿ ಟೀ ಕೊಟ್ಟರು. ತಪ್ಪು ನನ್ನದೆಂದು, ಮಗಳದಲ್ಲವೆಂದು, ತಂದೆಯೆದುರಿಗೆ ಹೇಳಿದೆ. ಅವರು ನೆಲ ನೋಡುತ್ತಾ ಕೂತಿದ್ದರು. ಹುಡುಗಿ ಒಳಗಿನ ಕೋಣೆಯಲ್ಲಿದ್ದಳು. “ಹೋಗಿ ಮಾತಾಡಿಸಿ ಮೇಡಂ, ಚಿಲಕ ಹಾಕಿಲ್ಲ” ಎಂದರು ತಾಯಿ.

ಬಾಗಿಲಿನ ಪಕ್ಕಕ್ಕೆ ಸರಿದು ನಿಂತು ತಟ್ಟಿದೆ. ಹೆಸರು ಹಿಡಿದು ಕರೆದು, ನಾನು ಯಾರೆಂದು ಹೇಳಿ, ಇನ್ನೊಮ್ಮೆ ತಟ್ಟಿದೆ. ಮೂರನೆಯ ಸಲವೂ ತಟ್ಟಿದೆ. ಒಳಗೆ ಬಳೆಯ ಸದ್ದು ಕೇಳಿಸಿತು, ದನಿ ಬರಲಿಲ್ಲ. ಬಾಗಿಲನ್ನು ದೂಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿಂದಿರುಗಿ ಬಂದೆ.

ಅವಳು ಈಗ ಬೇರೆ ಊರಿನಲ್ಲಿ ಓದುತ್ತಿದ್ದಾಳೆಂದು ಕೇಳಿದೆ. ರಜೆಗೆ ಬಂದಾಗ ಇನ್ನೊಮ್ಮೆ ಹೋಗುತ್ತೇನೆ.